ತೇಜಲ್ ಬೆನ್ನ ಮೇಲೆ ಕೂರುವ ರೀತಿ

ಕುದುರೆ ಸವಾರಿ ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರಿಕೊಂಡ ಹುಡುಗ ಹುಡುಗಿಯರು ಈಗಲೂ ಒಮ್ಮೊಮ್ಮೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ಲಿಫ್ಟ್ ಇಲ್ಲದ ಹಳೆಯ ಹೌಸಿಂಗ್ ಸೊಸೈಟಿಯೊಂದರ ಮೇಲಿನ ಮಹಡಿ ನಮ್ಮದು. ನನ್ನ ಮೊಣಕಾಲುಗಳು ಇಳಿದು ಹೋಗಲು ಒಪ್ಪುವುದಿಲ್ಲ, ಹಾಗಾಗಿ ಅವರೇ ಹತ್ತಿ ಬರಬೇಕು. ಬಂದವರು ಕೇಳುವುದು ಒಂದೇ ಪ್ರಶ್ನೆ: ಒಳ್ಳೆಯ ಸೀಟು ಎಂದರೆ ಯಾವುದು? ಜೀನಿನ ಮೇಲೆ ಕೂರುವ ರೀತಿಗೆ ನಮ್ಮ ಕಸುಬಿನಲ್ಲಿ ಸೀಟು ಅನ್ನುತ್ತಾರೆ. ಅದರ ಚಿತ್ರಗಳು ಅವರ ಫೋನಿನಲ್ಲಿ ಬೇಕಾದಷ್ಟಿರುತ್ತವೆ. ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ನೇರಕ್ಕಿರಬೇಕು ಎಂದು ಕೆಂಪು ಗೆರೆ ಎಳೆದ ಚಿತ್ರಗಳು. ಅವುಗಳಲ್ಲಿ ಸುಳ್ಳೇನೂ ಇಲ್ಲ. ಆದರೆ ಸವಾರ ಹಾಗೆ ಕೂತಾಗ ಕುದುರೆ ಏನೆಂದುಕೊಂಡಿತು ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ. ಅದಕ್ಕೇ ನಾನು ಅವರಿಗೆ ತೇಜಲ್ ಎಂಬ ಹೆಣ್ಣು ಕುದುರೆಯ ಕಥೆ ಹೇಳುತ್ತೇನೆ. ಎಷ್ಟು ಸಲ ಹೇಳಿದ್ದೇನೆಂದರೆ, ಶುರು ಮಾಡಿದೊಡನೆ ನನ್ನ ಹೆಂಡತಿ ಚಹಾಕ್ಕೆ ಇಡಲು ಎದ್ದು ಹೋಗುತ್ತಾಳೆ. ಈ ಸಲ ಬರೆದಿಟ್ಟುಬಿಡುತ್ತೇನೆ, ಅವಳೂ ಸ್ವಲ್ಪ ಕೂರಲಿ.

ನಾನು ಸವದತ್ತಿ ಕಡೆಯವನು. ಹೆಸರು ಶಂಕ್ರಪ್ಪ, ಗುಜರಾತಿಗೆ ಬಂದ ಮೇಲೆ ಶಂಕರಭಾಯ್ ಆದೆ. ಸವಾರಿ ಕಲಿತದ್ದು ಸೇನೆಯಲ್ಲಿ. ನಮ್ಮ ಉಸ್ತಾದರು ಕಾಲಿಡುವ ರಿಕಾಬುಗಳನ್ನು ಕಳಚಿ ಹಾಕಿ, ಮೊಣಕಾಲಿಗೂ ಜೀನಿಗೂ ನಡುವೆ ಒಂದು ಅರಳಿ ಎಲೆ ಇಟ್ಟು ಕುದುರೆ ಓಡಿಸುತ್ತಿದ್ದರು. ಪಾಠ ಮುಗಿಯುವವರೆಗೆ ಎಲೆ ಬೀಳಬಾರದು. ಬಿದ್ದರೆ ಆ ದಿನ ಲಾಯ ಗುಡಿಸುವ ಪಾಳಿ ನಮ್ಮದು. ನಾನು ಆ ಪಾಳಿಯನ್ನು ಎಷ್ಟು ಮಾಡಿದೆನೆಂದರೆ ಕುದುರೆಗಿಂತ ಮೊದಲು ಪೊರಕೆಯ ಮೇಲೆ ಹಿಡಿತ ಬಂತು. ಆ ಬೈಗುಳ, ಆ ಎಲೆ, ಆ ಉಸ್ತಾದರು ಇಲ್ಲದಿದ್ದರೆ ನನಗೆ ಅನ್ನದ ದಾರಿ ಇರುತ್ತಿರಲಿಲ್ಲ. ಅವರನ್ನು ನೆನೆಯದೆ ನಾನು ಯಾವ ಪಾಠವನ್ನೂ ಶುರು ಮಾಡಿದವನಲ್ಲ.

ಸೇನೆಯಿಂದ ಬಿಡುಗಡೆಯಾದ ಮೇಲೆ, ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ, ಅಹಮದಾಬಾದಿನ ಪಶ್ಚಿಮದ ಅಂಚಿನಲ್ಲಿ ನಿವೃತ್ತ ಮೇಜರ್ ಸಾಹೇಬರೊಬ್ಬರು ನಡೆಸುತ್ತಿದ್ದ ಸವಾರಿ ಶಾಲೆಗೆ ಶಿಕ್ಷಕನಾಗಿ ಸೇರಿದೆ. ವಾರಕ್ಕೊಮ್ಮೆ ವಡೋದರಾಕ್ಕೆ ಹೋಗಿ ಅಲ್ಲಿಯ ತರಗತಿ ನೋಡಿಕೊಳ್ಳಬೇಕು, ದೀಪಾವಳಿ ರಜೆಯಲ್ಲಿ ಸೂರತ್ತಿನಲ್ಲಿ ಶಿಬಿರ ಮಾಡಬೇಕು. ಮೇಜರ್ ಸಾಹೇಬರ ಮೀಸೆ ಬಿಳಿ, ಬೂಟು ಕಪ್ಪು, ಮಾತು ಕಡಿಮೆ. ಆಡುತ್ತಿದ್ದುದು ಹಿಂದಿ; ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರಂಥ ಯಜಮಾನ ಸಿಕ್ಕಿದ್ದು ನನ್ನ ಪುಣ್ಯ. ಕುದುರೆ ಮೇವು ತಿನ್ನುವ ಮೊದಲು ಅವರು ತಿಂಡಿ ತಿಂದದ್ದನ್ನು ನಾನು ನೋಡಿಲ್ಲ. ಆದರೆ ಹಟ ಎಂದರೆ ಹಟ. ಒಮ್ಮೆ ಹೇಳಿದ್ದನ್ನು ಎರಡನೆಯ ಸಲ ಯೋಚಿಸುವುದು ಅವರ ಲೆಕ್ಕದಲ್ಲಿ ಸೋಲು.

ಅವರ ಹಟ ಇದ್ದದ್ದು ಸೀಟಿನ ವಿಷಯದಲ್ಲಿ. ಇಂಗ್ಲಿಷ್ ಸವಾರಿಯಲ್ಲಿ ಮುಖ್ಯವಾಗಿ ಮೂರು ಬಗೆಯಲ್ಲಿ ಕೂರುತ್ತೇವೆ. ಪೂರ್ಣ ಸೀಟಿನಲ್ಲಿ ಭಾರವೆಲ್ಲ ಜೀನಿನ ಮೇಲೆ, ಬೆನ್ನು ನೇರ. ಹಗುರ ಸೀಟಿನಲ್ಲಿ ಸ್ವಲ್ಪ ಮುಂದಕ್ಕೆ ಬಾಗಿ, ಜೀನನ್ನು ಮುಟ್ಟಿಯೂ ಮುಟ್ಟದ ಹಾಗಿರುತ್ತೇವೆ. ಜಿಗಿತದ ಸೀಟಿನಲ್ಲಿ ಪೂರ್ತಿ ಮೇಲೆದ್ದು, ಸೊಂಟದಲ್ಲಿ ಮಡಚಿ, ಭಾರವನ್ನು ಹಿಮ್ಮಡಿಗೆ ಇಳಿಸುತ್ತೇವೆ. ವಡೋದರಾದ ತರಗತಿಗೆ ಗಿರೀಶ ಎಂಬ ಹುಬ್ಬಳ್ಳಿಯ ಹುಡುಗ ಬರುತ್ತಿದ್ದ. ಮಕರಪುರದ ಕಾರ್ಖಾನೆಯಲ್ಲಿ ಇಂಜಿನಿಯರು. "ಸರ್, ಎಷ್ಟು ಡಿಗ್ರಿ ಬಾಗಬೇಕ್ರಿ?" ಎಂದು ಕೇಳಿದ. ಮರುವಾರ ಕೋನಮಾಪಕವನ್ನೇ ತಂದ. ನಾನು, "ತಮ್ಮಾ, ಛಕಡೋ ರಿಕ್ಷಾದಾಗ ಹಿಂದ ಕೂತಾಗ ರಸ್ತೆದಾಗ ಹಂಪ್ ಬಂದ್ರ ಏನ್ ಮಾಡ್ತಿ?" ಎಂದೆ. "ಸ್ವಲ್ಪ ಏಳ್ತೀನ್ರಿ." "ಯಾರರ ಡಿಗ್ರಿ ಹೇಳಿದ್ರೇನು? ಅಷ್ಟ ಏಳು." ಅವನು ಅವತ್ತೇ ಕಲಿತ. ಕೋನಮಾಪಕವನ್ನು ನಾನು ಇಟ್ಟುಕೊಂಡೆ, ಮೊಮ್ಮಗಳ ಶಾಲೆಗೆ ಉಪಯೋಗವಾಯಿತು.

ಮೇಜರ್ ಸಾಹೇಬರು ಜಿಗಿತದ ಸೀಟನ್ನು ಒಪ್ಪುತ್ತಿದ್ದರು, ಆದರೆ ಕುದುರೆ ನೆಲ ಬಿಟ್ಟ ಮೇಲೆ ಮಾತ್ರ. ಹಾರಬೇಕಾದ ಅಡ್ಡಗೋಲಿನ ಕಡೆಗೆ ಹೋಗುವಾಗ ಆಳವಾಗಿ ಕೂರಬೇಕು, ಭುಜ ಹಿಂದಿರಬೇಕು, ಲಗಾಮು ಎತ್ತಿ ಹಿಡಿದು ಹಿಂದಿನಿಂದ ಕುದುರೆಯನ್ನು ತಳ್ಳಬೇಕು. "ಅನುಮಾನ ಪಡುವ ಕುದುರೆಗೆ ನಿನ್ನ ಭಾರವೇ ಧೈರ್ಯ" ಎನ್ನುತ್ತಿದ್ದರು. ಬಹಳ ಕುದುರೆಗಳಿಗೆ ಅದು ಸರಿಯೂ ಹೌದು. ನಾನೂ ಹಾಗೆಯೇ ಕಲಿತವನು, ಹಾಗೆಯೇ ಕಲಿಸಿದವನು.

ತೇಜಲ್ ಬಂದದ್ದು ಸೌರಾಷ್ಟ್ರದ ದರ್ಬಾರರ, ಅಂದರೆ ಹಳೆಯ ಜಮೀನ್ದಾರರ, ಮನೆತನವೊಂದರಿಂದ. ಕಾಠಿಯಾವಾಡಿ ತಳಿ. ಎರಡು ಕಿವಿಗಳ ತುದಿ ಒಳಕ್ಕೆ ಬಾಗಿ ಒಂದನ್ನೊಂದು ಮುಟ್ಟುವ ಹಾಗೆ ನಿಲ್ಲುತ್ತಿದ್ದವು. ಬಣ್ಣ ಬೆಲ್ಲದ್ದು, ಕಣ್ಣು ದೊಡ್ಡದು, ಸ್ವಭಾವ ತುಂಬಾ ಮೃದು. ಯಾರಾದರೂ ಹತ್ತಬಹುದು, ಯಾರಾದರೂ ಇಳಿಯಬಹುದು. ಒಂದೇ ದೋಷವೆಂದರೆ ಜಿಗಿಯುತ್ತಿರಲಿಲ್ಲ. ಚೆನ್ನಾಗಿ ಓಡುತ್ತ ಬಂದವಳು ಅಡ್ಡಗೋಲು ಹತ್ತಿರವಾಗುತ್ತಲೇ ಕಾಲುಗಳನ್ನು ಕಲಸಿಕೊಂಡವಳಂತೆ ತಡವರಿಸಿ ನಿಂತುಬಿಡುತ್ತಿದ್ದಳು. ಕಾಲು ನೋವಿರಬೇಕೆಂದು ಡಾಕ್ಟರನ್ನು ಕರೆಸಿದೆವು, ಲಾಳ ಬದಲಿಸಿದೆವು, ಜೀನು ಬದಲಿಸಿದೆವು. ಏನೂ ಸಿಗಲಿಲ್ಲ. ಅವಳು ನಿಂತಷ್ಟೂ ಮೇಜರ್ ಸಾಹೇಬರು ಕಟಕಟೆಯ ಆಚೆಯಿಂದ "ಆಳವಾಗಿ ಕೂರು! ಇನ್ನೂ ಆಳವಾಗಿ!" ಎಂದು ಕೂಗುತ್ತಿದ್ದರು. ಅವರು ಕೂಗಿದಷ್ಟೂ ಅವಳು ನಿಲ್ಲುತ್ತಿದ್ದಳು.

ಅವಳ ಮೇಲೆ ಜೀವ ಇಟ್ಟಿದ್ದವಳು ರಕ್ಷಾ. ಸ್ಯಾಟಲೈಟಿನಲ್ಲಿ ಉಡುಪಿ ಹೋಟೆಲು ನಡೆಸುತ್ತಿದ್ದ ಶೆಟ್ಟರ ಮಗಳು, ಆಗಷ್ಟೇ ಕಾಲೇಜಿಗೆ ಸೇರಿದ್ದಳು. ಅಲ್ಲೇ ಹುಟ್ಟಿ ಬೆಳೆದವಳಾದ್ದರಿಂದ ಅವಳ ಕನ್ನಡ ಹೋಟೆಲಿನ ಅಡುಗೆಮನೆಯಿಂದ ಆಚೆಗೆ ಹೋಗಿರಲಿಲ್ಲ. ನವರಾತ್ರಿಗೆ ಮುಂಚಿನ ವಾರ ತೇಜಲ್ ನಿಂತಳು, ರಕ್ಷಾ ನಿಲ್ಲಲಿಲ್ಲ. ಕುತ್ತಿಗೆಯ ಮೇಲಿಂದ ಹಾರಿ ಅಡ್ಡಗೋಲಿನ ಆಚೆ ಬಿದ್ದಳು. ಮುಂಗೈ ಉಳುಕಿತು. ಗರ್ಬಾ ಆಡಲು ಆಗಲಿಲ್ಲ. ಅಹಮದಾಬಾದಿನಲ್ಲಿ ಆ ವಯಸ್ಸಿನ ಹುಡುಗಿಗೆ ನವರಾತ್ರಿಯಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡು ಕುರ್ಚಿಯಲ್ಲಿ ಕೂರುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಆದರೂ ಅವಳು ಕೇಳಿದ್ದು ಕುದುರೆಯನ್ನೇ.

"ಸರ್, ತೇಜಲ್‌ಗೆ ಏನೂ ಆಗಿಲ್ಲ ನಾ? ಅವಳದು ಗಲತಿ ಇಲ್ಲ ಸರ್."

ಶೆಟ್ಟರು ಮಾತ್ರ ಕೈಮುಗಿದರು. "ಇದೆಂಥ ಮಾರಾಯ್ರೆ, ನಮ್ಮದು ದೋಸೆ ಹುಯ್ಯುವ ಜನ. ಕುದುರೆ ಗಿದುರೆ ನಮಗೆ ಬೇಡ. ನಾಳೆ ಹುಡುಗಿಯ ಸೊಂಟ ಮುರಿದರೆ ಅವಳ ಅಮ್ಮನಿಗೆ ನಾನೆಂತ ಹೇಳ್ಲಿಕ್ಕುಂಟು?"

ಮೇಜರ್ ಸಾಹೇಬರೂ ತೀರ್ಮಾನ ಮಾಡಿಬಿಟ್ಟರು. ನಿಲ್ಲುವ ಕುದುರೆ ಇವತ್ತು ಮುಂಗೈ ಉಳುಕಿಸುತ್ತದೆ, ನಾಳೆ ಕುತ್ತಿಗೆ ಮುರಿಯುತ್ತದೆ. ಮದುವೆ ಮೆರವಣಿಗೆಗಳಿಗೆ ಬ್ಯಾಂಡು ಮತ್ತು ಕುದುರೆ ಒದಗಿಸುವ ಭೀಖಾಭಾಯಿ ಬಹಳ ದಿನಗಳಿಂದ ತೇಜಲ್‌ಳ ಮೇಲೆ ಕಣ್ಣಿಟ್ಟಿದ್ದರು. ಕಮುರ್ತಾದಲ್ಲಿ, ಅಂದರೆ ನಮ್ಮ ಧನುರ್ಮಾಸದಲ್ಲಿ, ಅಲ್ಲಿ ಮದುವೆಗಳಿಲ್ಲ. ಉತ್ತರಾಯಣ, ಅಂದರೆ ನಮ್ಮ ಸಂಕ್ರಾಂತಿ, ಕಳೆದ ಮೇಲೆ ಶುರು. ಉತ್ತರಾಯಣ ಮುಗಿದ ಕೂಡಲೇ ಕೊಟ್ಟುಬಿಡುವುದಾಗಿ ಸಾಹೇಬರು ಮಾತು ಕೊಟ್ಟರು. ಭೀಖಾಭಾಯಿ ಕೆಟ್ಟವರಲ್ಲ, ಕುದುರೆಗೆ ಹೊಟ್ಟೆ ತುಂಬ ಹಾಕುವವರೇ. ಆದರೆ ಕಿವಿಯ ಪಕ್ಕದಲ್ಲಿ ಡೋಲು, ಹಿಂದೆ ಜನರೇಟರು, ಕಾಲ ಬಳಿ ಪಟಾಕಿ, ಬೆನ್ನ ಮೇಲೆ ಸವಾರಿ ಬಾರದ ಮದುಮಗ. ಎಲೆ ಅಲ್ಲಾಡಿದರೂ ಕಿವಿ ನಿಮಿರಿಸುವ ಆ ಪ್ರಾಣಿಗೆ ಅದು ಬದುಕಲ್ಲ. ನನಗೆ ಬಹಳ ಸಂಕಟವಾಯಿತು, ಆದರೆ ಕೊಡಬೇಡಿ ಎನ್ನಲು ನನ್ನಲ್ಲಿ ಕಾರಣವಿರಲಿಲ್ಲ.

ಆ ದೀಪಾವಳಿಗೆ ಸೂರತ್ತಿನ ಶಿಬಿರಕ್ಕೆ ತೇಜಲ್‌ಳನ್ನೇ ಕಳಿಸಿದರು. ಹೊಸಬರನ್ನು ಕೂರಿಸಿಕೊಂಡು ಸುಮ್ಮನೆ ಸುತ್ತು ಹಾಕಲು ಅವಳು ಸಾಕು. ದೀಪಾವಳಿಗೆ ಸೂರತ್ತಿನ ವಜ್ರದ ಕಾರ್ಖಾನೆಗಳೆಲ್ಲ ಬಾಗಿಲು ಹಾಕುತ್ತವೆ. ಕೆಲಸಗಾರರು ಸೌರಾಷ್ಟ್ರದ ತಮ್ಮ ಊರುಗಳಿಗೆ ಹೋಗುತ್ತಾರೆ, ವರಾಛಾದ ಗಲ್ಲಿಗಳು ನಿದ್ದೆ ಮಾಡುತ್ತವೆ. ಊರಿಗೆ ಹೋಗದೆ ಉಳಿದ ಮಾಲೀಕರು ಮನೆಮಂದಿಯನ್ನು ಕಟ್ಟಿಕೊಂಡು ಊರಾಚೆಯ ತೋಟದಲ್ಲಿದ್ದ ನಮ್ಮ ಶಿಬಿರಕ್ಕೆ ಬರುತ್ತಿದ್ದರು. ಜೊತೆಗೆ ಡಬ್ಬಿಗಟ್ಟಲೆ ಸಿಹಿ ಘಾರಿ, ಕುರುಕಲು ಫಾಫಡಾ. ಆ ಶಿಬಿರಗಳಲ್ಲಿ ನಾನು ತಿಂದಷ್ಟು ಪ್ರೀತಿಯ ಊಟವನ್ನು ಬೇರೆ ಎಲ್ಲಿಯೂ ತಿಂದಿಲ್ಲ.

ಹಾಗೆ ಬಂದವರಲ್ಲಿ ಮನ್ಸುಖಭಾಯಿ ಒಬ್ಬರು. ವರಾಛಾದಲ್ಲಿ ಅವರದೇ ವಜ್ರ ಹೊಳಪು ಹಾಕುವ ಕಾರ್ಖಾನೆ. ಹುಡುಗತನದಲ್ಲಿ ತಾವೇ ಸಾಣೆಯ ಚಕ್ರದ ಮುಂದೆ ಬಗ್ಗಿ ಕೂತು ಮೇಲೆ ಬಂದವರು. ಕುದುರೆಯ ಮೇಲೆ ಕೂತರೂ ಬೆನ್ನು ಬಗ್ಗಿಯೇ ಇರುತ್ತಿತ್ತು, ಜೀನಿನಲ್ಲಿ ಕಣ್ಣಿಗೆ ಕಾಣದ ವಜ್ರವನ್ನು ಹುಡುಕುವವರ ಹಾಗೆ. ನಾನು ಎದೆ ಎತ್ತಿ, ಭುಜ ಹಿಂದೆ ಎಂದು ಕೂಗಿ ಗಂಟಲು ಒಣಗಿಸಿಕೊಂಡೆ. ಅವರು ನಗುತ್ತ, "ಶಂಕರಭಾಯ್, ಆ ಕಮರ್ ಹೀರಾ ಘಸೀ ಘಸೀನೆ ವಳೀ ಗಯೀ ಛೆ" ಎಂದರು. ವಜ್ರ ಉಜ್ಜಿ ಉಜ್ಜಿ ಬಗ್ಗಿದ ಸೊಂಟ, ಇನ್ನು ನೀವು ಕೂಗಿದರೆ ಏಳುತ್ತದೆಯೇ ಎಂದು ಅದರ ಅರ್ಥ. ನಾನು ಕೈಬಿಟ್ಟೆ.

ಒಂದು ಬೆಳಿಗ್ಗೆ ಅವರು ತೇಜಲ್ ಮೇಲೆ ಸುತ್ತು ಹಾಕುತ್ತಿದ್ದರು. ಹಿಂದಿನ ತರಗತಿಯವರು ಮೈದಾನದ ನಡುವೆ ಒಂದು ಗಿಡ್ಡ ಅಡ್ಡಗೋಲನ್ನು ಹಾಗೆಯೇ ಬಿಟ್ಟುಹೋಗಿದ್ದರು. ತೇಜಲ್ ಓಟಕ್ಕೆ ಬಂದಳು, ಸುತ್ತು ಸ್ವಲ್ಪ ಒಳಕ್ಕೆ ಸರಿಯಿತು, ನೋಡುತ್ತೇನೆ, ನೇರ ಗೋಲಿನ ಕಡೆಗೇ ಹೋಗುತ್ತಿದ್ದಾರೆ. ಗಾಬರಿಯಲ್ಲಿ ನನಗೆ ಗುಜರಾತಿ ಮರೆತುಹೋಯಿತು. "ಲಗಾಮ ಎಳೀರೋ ಮಾರಾಯ!" ಎಂದು ಕನ್ನಡದಲ್ಲೇ ಕೂಗಿದೆ. ಮನ್ಸುಖಭಾಯಿ ಲಗಾಮು ಬಿಟ್ಟು ಎರಡೂ ಕೈಯಿಂದ ಕುತ್ತಿಗೆಯ ಕೂದಲು ಹಿಡಿದು ಇನ್ನಷ್ಟು ಮುಂದಕ್ಕೆ ಬಗ್ಗಿದರು. ತೇಜಲ್ ಕಿವಿ ಮುಂದೆ ಮಾಡಿ, ಹೂವಿನ ಹಾಗೆ ಎದ್ದು, ಆಚೆ ಇಳಿದು, ಏನೂ ಆಗದವಳಂತೆ ಸುತ್ತು ಮುಂದುವರಿಸಿದಳು. ಅವರ ಹೆಂಡತಿ ಕೂಗಿಕೊಂಡು ಓಡಿಬಂದರು. ಮನ್ಸುಖಭಾಯಿ ಕಣ್ಣರಳಿಸಿ, "ಫರೀಥೀ?" ಎಂದು ನನ್ನನ್ನು ಕೇಳಿದರು. ಇನ್ನೊಂದು ಸಲ?

ನಾನು ಬೈಯಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಮನೆಯವರೆಲ್ಲ ಫೋಟೋ ತೆಗೆಯಲು ಬಂದರು. ಹೆಂಡತಿ ಧೈರ್ಯಕ್ಕೆಂದು ಅರ್ಧ ಲೋಟ ಚಹಾ ಕೊಟ್ಟರು. ಮನ್ಸುಖಭಾಯಿ ಒಂದು ಕೈಯಲ್ಲಿ ಚಹಾ ಹಿಡಿದು, ಇನ್ನೊಂದರಲ್ಲಿ ಲಗಾಮನ್ನು ಎದೆಯ ಮಟ್ಟಕ್ಕೆ ಎತ್ತಿ, ಕಾಲು ಮುಂದಕ್ಕೆ ಚಾಚಿ, ಜೀನಿನ ಹಿಂಭಾಗಕ್ಕೆ ಒರಗಿ, ಹಳೆಯ ಕಾಲದ ದರ್ಬಾರರ ಹಾಗೆ ಕೂತರು. ಬಗ್ಗಿದ ಬೆನ್ನೇ ಆದರೂ ಭಾರವೆಲ್ಲ ಹಿಂದೆ. ತೇಜಲ್ ತಲೆ ಎತ್ತಿದಳು. ಕಿವಿಯ ತುದಿಗಳು ಕೂಡಿಕೊಂಡವು. ಕಾಲುಗಳು ಬದಲಾದವು. ಒಂದು ಪಕ್ಕದ ಎರಡೂ ಕಾಲು ಒಟ್ಟಿಗೆ, ಆಮೇಲೆ ಇನ್ನೊಂದು ಪಕ್ಕದ್ದು. ನೆಲದ ಮೇಲೆ ಜಾರುವ ಹಾಗೆ ಅವರನ್ನು ಹೊತ್ತುಕೊಂಡು ಹೊರಟಳು. ಲೋಟದ ಚಹಾ ಒಂದು ಹನಿ ತುಳುಕಲಿಲ್ಲ.

ಅದು ರೇವಾಲ್. ಕಾಠಿಯಾವಾಡಿ ಕುದುರೆಗಳಿಗೆ ಅಲ್ಲಿನ ದರ್ಬಾರರು ಪ್ರೀತಿಯಿಂದ ಕಲಿಸುವ ವಿಶೇಷ ನಡಿಗೆ. ನಮ್ಮದು ಇಂಗ್ಲಿಷ್ ಸವಾರಿಯ ಶಾಲೆ. ಅದು ನಮಗೆ ಬೇಡದ ವಿದ್ಯೆ. ಆದ್ದರಿಂದ ಅವಳಿಗೆ ಅದು ಬರುತ್ತದೆಯೇ ಎಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಆ ನಡಿಗೆ ಬೇಕಾದಾಗ ದರ್ಬಾರರು ಮಾಡುವುದು ಇಷ್ಟೇ: ಹಿಂದಕ್ಕೆ ಕೂತು ಲಗಾಮು ಎತ್ತುತ್ತಾರೆ. ಅಡ್ಡಗೋಲಿನ ಮುಂದೆ ನಾವು ಮಾಡುತ್ತಿದ್ದುದೂ ಅದನ್ನೇ. ಗೋಲು ಹಾರು ಎಂದು ನಾವು ಅಂದುಕೊಳ್ಳುತ್ತಿದ್ದೆವು, ರೇವಾಲ್ ಹಿಡಿ ಎಂದು ಅವಳಿಗೆ ಕೇಳಿಸುತ್ತಿತ್ತು. ಆ ನಡಿಗೆಯಿಂದ ಯಾವ ಕುದುರೆಯೂ ಜಿಗಿಯಲಾರದು. ಹೇಳಿದ್ದನ್ನು ಮಾಡಲು ಹೋಗಿ, ಕಾಲು ಕಲಸಿಕೊಂಡು, ಎದುರಿಗೆ ಗೋಲು ಕಂಡು ನಿಲ್ಲುತ್ತಿದ್ದಳು. ಎಲ್ಲರೂ ಅವಳನ್ನು ಮೊಂಡಿ ಅಂದರು. ಅಷ್ಟು ವಿಧೇಯ ಪ್ರಾಣಿಯನ್ನು ನಾನು ಇಡೀ ಬದುಕಿನಲ್ಲಿ ನೋಡಿಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಾನೇ ಹತ್ತಿ ನೋಡಿದೆ. ಹಿಂದೆ ಕೂತರೆ ರೇವಾಲ್. ಮುಂದೆ ಬಾಗಿ, ಕೈ ಇಳಿಸಿ, ಹಗುರ ಸೀಟಿನಲ್ಲಿ ಬಂದರೆ ಯಾವ ಗೋಲಾದರೂ ಸರಿ, ಹಾರುತ್ತಿದ್ದಳು. ಇಳಿದು ಅವಳ ಕುತ್ತಿಗೆ ತಬ್ಬಿಕೊಂಡು ನಿಂತೆ. ಕಣ್ಣು ತುಂಬಿ ಬಂತು. ಮನ್ಸುಖಭಾಯಿ ಬಂದು, ಕುದುರೆಗೆ ಏನಾಯಿತು ಎಂದು ಗಾಬರಿಯಿಂದ ಕೇಳಿದರು. ಏನೂ ಆಗಿಲ್ಲ, ಅದೇ ಸಂತೋಷ ಎಂದೆ. ಆ ಪುಣ್ಯಾತ್ಮರ ಬಗ್ಗಿದ ಬೆನ್ನಿಗೆ ನಾನು ಇವತ್ತಿಗೂ ಋಣಿ.

ಅಹಮದಾಬಾದಿಗೆ ಮರಳಿ ಮೇಜರ್ ಸಾಹೇಬರಿಗೆ ಹೇಳಿದೆ. ಅವರು ಮೀಸೆ ತೀಡುತ್ತ ಪೂರ್ತಿ ಕೇಳಿದರು.

"ಶಂಕರ್, ನಾನು ನಿನಗಿಂತ ಹೆಚ್ಚು ಕುದುರೆ ನೋಡಿದ್ದೇನೆ."

"ಹೌದು ಸಾಹೇಬ್."

"ತೋಟದಲ್ಲಿ ಗಿಡ್ಡ ಗೋಲು ಯಾವ ಕುದುರೆಯೂ ಹಾರುತ್ತದೆ. ಡಿಸೆಂಬರಿನಲ್ಲಿ ವಡೋದರಾದ ಸ್ಪರ್ಧೆ ಇದೆ. ಅಲ್ಲಿ ಪೂರ್ತಿ ಸುತ್ತು ಮುಗಿಸಲಿ. ಮುಗಿಸದಿದ್ದರೆ ಭೀಖಾಭಾಯಿಗೆ ಕೊಟ್ಟ ಮಾತು ಮಾತೇ."

ಶೆಟ್ಟರನ್ನು ಒಪ್ಪಿಸಲು ನಾನು ಅವರ ಹೋಟೆಲಿನಲ್ಲಿ ಎಷ್ಟು ದೋಸೆ ತಿಂದೆನೋ ನೆನಪಿಲ್ಲ. ಕೊನೆಗೆ, "ನೀವು ಪಕ್ಕದಲ್ಲೇ ನಿಲ್ಲುವುದಾದರೆ ಆಯ್ತು" ಎಂದರು. ರಕ್ಷಾ ಅಭ್ಯಾಸ ಶುರುಮಾಡಿದಳು. ಹೊಸ ಶಿಕ್ಷಕರು ಇಲ್ಲಿ ಗಮನಿಸಬೇಕಾದದ್ದುಂಟು. ಮುಂದೆ ಬಾಗು ಎಂದು ಹೇಳುವುದು ಸುಲಭ. ಒಮ್ಮೆ ಬಿದ್ದವರು ಹೆದರಿದಾಗ ಮೈ ತಾನಾಗಿ ಹಿಂದಕ್ಕೆ ಹೋಗುತ್ತದೆ, ಕೈ ತಾನಾಗಿ ಮೇಲೇಳುತ್ತದೆ, ಉಸಿರು ನಿಲ್ಲುತ್ತದೆ. ರಕ್ಷಾ ಪ್ರತಿ ಸಲ ಗೋಲಿನ ಹತ್ತಿರ ಉಸಿರು ಕಟ್ಟುತ್ತಿದ್ದಳು, ತೇಜಲ್ ಪ್ರತಿ ಸಲ ರೇವಾಲ್ ಹಿಡಿದು ನಿಲ್ಲುತ್ತಿದ್ದಳು. ಹಳೆಯ ಪದ್ಧತಿಯಲ್ಲಾದರೆ ಇನ್ನೂ ಜೋರಾಗಿ ಬೈಯುವುದು. ನಾನು ಅದನ್ನೂ ಮಾಡಿದೆ. ಅವಳು ಇನ್ನೂ ಹೆದರಿದಳು.

"ಏನರ ಹಾಡವಾ, ಉಸಿರು ಬಿಡು" ಎಂದೆ.

"ಸರ್, ಹಾಡು ಭೂಲ್ ಆಗ್ತದೆ. ಭಯದಲ್ಲಿ ಏನೂ ಯಾದ್ ಬರಲ್ಲ."

"ಭಯ ಆದಾಗೂ ಮರೀದ ಅಂಥಾದ್ದು ಏನೈತಿ ನಿನ್ನ ಹಂತ್ಯಾಕ?"

ಅವಳು ಸ್ವಲ್ಪ ಯೋಚಿಸಿ ನಕ್ಕಳು. ಆಮೇಲೆ ಅಪ್ಪನ ಹೋಟೆಲಿನ ಮಾಣಿಗಳು ಗಿರಾಕಿಗಳ ಮುಂದೆ ಒಂದೇ ಉಸಿರಿಗೆ ಒಪ್ಪಿಸುವ ತಿಂಡಿಗಳ ಸಾಲನ್ನು ಅದೇ ರಾಗದಲ್ಲಿ, ಅಚ್ಚ ಕನ್ನಡದಲ್ಲಿ, ಒಂದೂ ತಪ್ಪದೆ ಹೇಳಿದಳು. ಇಡ್ಲಿ, ವಡೆ, ಇಡ್ಲಿ-ವಡೆ, ಸಾದಾ ದೋಸೆ, ಮಸಾಲೆ ದೋಸೆ, ಈರುಳ್ಳಿ ದೋಸೆ, ಉಪ್ಪಿಟ್ಟು, ಕೇಸರಿಬಾತು. ತೊಟ್ಟಿಲಿನಲ್ಲಿದ್ದಾಗಿನಿಂದ ಕೇಳಿದ್ದು. ಅದನ್ನು ಹೇಳುವಾಗ ಅವಳ ಭುಜ ಇಳಿಯಿತು, ಕೈ ಇಳಿಯಿತು. ಅಲ್ಲಿಂದ ಮುಂದೆ ಅದೇ ನಮ್ಮ ಮಂತ್ರ. ಇಡ್ಲಿಗೆ ತಿರುಗು, ವಡೆಗೆ ಬಾಗು, ಮಸಾಲೆ ದೋಸೆಗೆ ಜಿಗಿತ. ಕಟಕಟೆಯ ಹತ್ತಿರ ನಿಂತವರಿಗೆ ಬೆಳಿಗ್ಗೆ ಬೆಳಿಗ್ಗೆಯೇ ಹಸಿವಾಗುತ್ತಿತ್ತು. ಮೇಜರ್ ಸಾಹೇಬರು ದೂರದಿಂದ ನೋಡಿ, ಕೇಳಿ, ಹೋಗುತ್ತಿದ್ದರು.

ವಡೋದರಾದ ಸ್ಪರ್ಧೆ ಮಕರಪುರದ ಆಚೆಯ ಮೈದಾನದಲ್ಲಿತ್ತು. ಗಿರೀಶ ಗೋಲುಗಳ ಎತ್ತರ ಅಳೆಯುವ ಕೆಲಸ ವಹಿಸಿಕೊಂಡು ಬಹಳ ಖುಷಿಯಲ್ಲಿದ್ದ. ಶೆಟ್ಟರು ಹೋಟೆಲು ಬಿಟ್ಟು ಬಂದಿದ್ದರು, ಹಗ್ಗದ ಈಚೆ ಬೆವರುತ್ತ ನಿಂತಿದ್ದರು. ಮೇಜರ್ ಸಾಹೇಬರು ಅವರ ಪಕ್ಕದಲ್ಲಿ. ರಕ್ಷಾಳ ಸರದಿ ಬಂತು. ಮೊದಲ ಗೋಲುಗಳನ್ನು ತೇಜಲ್ ಆಟವಾಡುವಂತೆ ದಾಟಿದಳು. ಗಾಳಿಯಲ್ಲಿ ಇಡ್ಲಿ, ವಡೆ ಕೇಳಿಸುತ್ತಿತ್ತು. ಅರ್ಧ ಸುತ್ತು ಮುಗಿದಿತ್ತು. ಆಗ ಕಾರ್ಖಾನೆಯೊಂದರ ಪಾಳಿಯ ಸೈರನ್ ಕೂಗಿತು.

ಕುದುರೆ ಬೆಚ್ಚಲಿಲ್ಲ, ಹುಡುಗಿ ಬೆಚ್ಚಿದಳು. ಮೈ ಹಿಂದೆ ಹೋಯಿತು, ಕೈ ಮೇಲೆದ್ದಿತು, ಬಾಯಿ ನಿಂತಿತು. ತೇಜಲ್ ತಕ್ಷಣ ತಲೆ ಎತ್ತಿ ರೇವಾಲ್ ಹಿಡಿದಳು. ಜನ ಅದೇ ವಿಶೇಷ ಪ್ರದರ್ಶನವೆಂದುಕೊಂಡು ಚಪ್ಪಾಳೆ ಹೊಡೆದರು. ಗೋಲು ಹತ್ತಿರವಾಗುತ್ತಿತ್ತು. ಇನ್ನೇನು ನಿಲ್ಲುತ್ತಾಳೆ, ಹುಡುಗಿ ಹಾರಿ ಬೀಳುತ್ತಾಳೆ, ಕುದುರೆ ಭೀಖಾಭಾಯಿಯದಾಗುತ್ತದೆ. ಆಗ ನನ್ನ ಪಕ್ಕದಿಂದ, ಊಟದ ಹೊತ್ತಿನಲ್ಲಿ ಅಡುಗೆಮನೆಯವರೆಗೆ ಮುಟ್ಟುವ ದನಿಯಲ್ಲಿ, ಶೆಟ್ಟರು ಕೂಗಿದರು.

"ಏ, ಐದನೇ ಟೇಬಲ್ಲಿಗೆ ಮಸಾಲೆ ದೋಸೆ ಎಲ್ಲಿ?"

ರಕ್ಷಾಳ ಬಾಯಿ ತಾನಾಗಿ ತೆರೆಯಿತು. "ಈಗ ಬಂತು!" ಎಂದಳು. ಉಸಿರು ಹೊರಬಿತ್ತು, ಭುಜ ಇಳಿಯಿತು, ಸೊಂಟ ಮಡಚಿತು. ತೇಜಲ್ ಕಾಲು ಬದಲಿಸಿ, ಎದ್ದು, ಗೋಲನ್ನು ಹಾರಿದಳು. ಉಳಿದವನ್ನೂ ಹಾರಿದಳು. ಶೆಟ್ಟರು ನನ್ನನ್ನು ಅಪ್ಪಿಕೊಂಡು ಅತ್ತರು.

ಆದರೆ ತೀರ್ಪುಗಾರರು ಗಂಟೆ ಬಾರಿಸಿದರು. ಮೈದಾನದ ಹೊರಗಿನಿಂದ ಸವಾರರಿಗೆ ಯಾರೂ ಸಹಾಯ ಮಾಡಬಾರದು ಎಂಬ ನಿಯಮವಿದೆ, ಸ್ಪರ್ಧೆಯಿಂದ ಹೊರಗೆ. ಶೆಟ್ಟರು ಜಗಳಕ್ಕೆ ಹೋದರು. ತಾನು ದೋಸೆ ಕೇಳಿದ್ದು, ಕುದುರೆಗೆ ಏನೂ ಹೇಳಿಲ್ಲ ಎಂದರು. ತೀರ್ಪುಗಾರರು ನನ್ನಿಂದ ಅರ್ಥ ಕೇಳಿ ತಿಳಿದುಕೊಂಡು, ಹೊಟ್ಟೆ ಹಿಡಿದು ನಕ್ಕು, "ಸಹಾಯವಲ್ಲದಿದ್ದರೆ ಕುದುರೆ ಹಾರಿದ್ದು ಹೇಗೆ?" ಎಂದರು. ಮೇಜರ್ ಸಾಹೇಬರ ಕಡೆ ನೋಡಿದೆ. ಅವರು, "ಹೊರಗೆ ಹಾಕಿದ ಸುತ್ತು ಮುಗಿದ ಸುತ್ತಲ್ಲ" ಎಂದಷ್ಟೇ ಹೇಳಿ ಜೀಪು ಹತ್ತಿದರು. ರಕ್ಷಾ ತೇಜಲ್ ಜೊತೆ ಲಾರಿಯಲ್ಲೇ ಅಹಮದಾಬಾದಿಗೆ ಬಂದಳು, ದಾರಿಯುದ್ದಕ್ಕೂ ಅಳುತ್ತ.

ಉತ್ತರಾಯಣ ಬಂತು. ಆ ದಿನಗಳಲ್ಲಿ ಗಾಳಿಪಟದ ಮಾಂಜಾ ದಾರ ಎಲ್ಲೆಂದರಲ್ಲಿ ತೂಗುತ್ತಿರುತ್ತದೆ; ಕುದುರೆಯ ಕುತ್ತಿಗೆಗೂ ಸವಾರನ ಕುತ್ತಿಗೆಗೂ ಅಪಾಯವೆಂದು ನಾವು ಯಾವ ಕುದುರೆಯನ್ನೂ ಹೊರಗೆ ತೆಗೆಯುತ್ತಿರಲಿಲ್ಲ. ಊರೆಲ್ಲ ತಾರಸಿಯ ಮೇಲಿತ್ತು, ನಾನು ಲಾಯದಲ್ಲಿದ್ದೆ. ರಕ್ಷಾ ಆ ಹಬ್ಬಕ್ಕೆ ಮಾಡುವ ಉಂಧಿಯು ಪಲ್ಯ ತಂದಳು, ನನಗೆ ಸೇರಲಿಲ್ಲ. ತೇಜಲ್ ಇಬ್ಬರ ಜೇಬನ್ನೂ ಮೂಸಿ ಬೆಲ್ಲ ತಿಂದಳು.

ಹಬ್ಬ ಮುಗಿದ ಮರುದಿನ ಬೆಳಿಗ್ಗೆ ಭೀಖಾಭಾಯಿ ಬಂದರು. ಜರಿಯ ಹೊದಿಕೆ, ಗೆಜ್ಜೆ, ಹಣೆಗೆ ಕಟ್ಟುವ ಗೊಂಡೆ, ಎಲ್ಲ ತಂದಿದ್ದರು. ನಾನು ತೇಜಲ್‌ಳನ್ನು ಹೊರಗೆ ತಂದೆ. ಅಷ್ಟರಲ್ಲಿ ಮೇಜರ್ ಸಾಹೇಬರು ಸವಾರಿಯ ಬೂಟು ಹಾಕಿಕೊಂಡು ಬಂದರು. ಆ ಬೂಟನ್ನು ಅವರು ಹಾಕಿ ವರ್ಷಗಳಾಗಿದ್ದವು.

"ಜೀನು ಹಾಕು" ಎಂದರು.

ಹತ್ತಿದರು. ನೇರ ಬೆನ್ನು, ಆಳದ ಸೀಟು, ನೋಡಲು ಎಷ್ಟು ಚೆಂದ! ಕೆಂಪು ಗೆರೆಯ ಚಿತ್ರದ ಹಾಗೆ. ಗೋಲಿನ ಕಡೆ ಹೊರಟರು, ಹಿಂದಕ್ಕೆ ಕೂತರು, ಲಗಾಮು ಎತ್ತಿದರು. ತೇಜಲ್ ಪಾಪ, ಸಾಹೇಬರ ಮಾತನ್ನೂ ಮೀರದೆ, ರೇವಾಲ್ ಹಿಡಿದು ಗೋಲಿನ ಮುಂದೆ ನಿಂತಳು. ಅವರು ಕುತ್ತಿಗೆ ಹಿಡಿದು ಹೇಗೋ ಉಳಿದುಕೊಂಡರು. ಭೀಖಾಭಾಯಿ ಬೇರೆ ಕಡೆ ನೋಡಿದರು. ನಾನೂ ನೋಡಿದೆ.

ಮೇಜರ್ ಸಾಹೇಬರು ನಿಧಾನವಾಗಿ ನನ್ನ ಬಳಿ ಬಂದು ನಿಂತರು. "ಶಂಕರ್, ನನ್ನ ಸೀಟು ತಪ್ಪಾಗಿದೆ" ಎಂದರು. "ಸರಿ ಮಾಡು."

ನನಗಿಂತ ಮೇಲಿದ್ದವರು ಯಾರೂ ನನ್ನನ್ನು ಹಾಗೆ ಕೇಳಿದ್ದಿಲ್ಲ, ಸೇನೆಯಲ್ಲೂ ಇಲ್ಲ, ಆಮೇಲೂ ಇಲ್ಲ. ಆ ಕ್ಷಣ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಬೇಕೆನಿಸಿತು. ಕಾಲು ಹೇಗೂ ಎದುರಿಗೇ ಇತ್ತು, ರಿಕಾಬಿನಲ್ಲಿ. ನಾನು ಆ ರಿಕಾಬಿನ ಪಟ್ಟಿಯನ್ನು ಗಿಡ್ಡ ಮಾಡಿದೆ. ಹಿಮ್ಮಡಿ ಕೆಳಗೆ ಒತ್ತಿದೆ. ಕೈ ಇಳಿಸಿ ಕುದುರೆಯ ಕುತ್ತಿಗೆಯ ಕೂದಲು ಹಿಡಿಸಿದೆ. "ಬಾಗಿ ಸಾಹೇಬ್. ಇನ್ನೂ. ಉಸಿರು ಬಿಡಿ" ಎಂದೆ, ಬೇರೆ ಶಿಷ್ಯರಿಗೆ ಹೇಳುವ ಹಾಗೆಯೇ.

ಅವರು ಹೊರಟರು. ತಿರುವಿನಲ್ಲಿ ಗಾಳಿ ನಮ್ಮ ಕಡೆಗೆ ಬೀಸಿತು. ಬಿಳಿ ಮೀಸೆಯ ಕೆಳಗಿನಿಂದ ಹಿಂದಿ ನಾಲಗೆಯ ಕನ್ನಡ ಕೇಳಿಸಿತು: "ಇಡ್ಲೀ... ವಡಾ... ಇಡ್ಲೀ ವಡಾ..." ಮಸಾಲೆ ದೋಸೆಗೆ ತೇಜಲ್ ನೆಲ ಬಿಟ್ಟಳು.

ಇಳಿದು ಬಂದವರು ಅವಳ ಹಣೆಗೆ ಹಣೆ ತಾಗಿಸಿ ಬಹಳ ಹೊತ್ತು ನಿಂತರು. ಆಮೇಲೆ ಭೀಖಾಭಾಯಿಯ ಹೆಗಲ ಮೇಲೆ ಕೈ ಹಾಕಿ, "ನಿಮಗೆ ಕೊಟ್ಟ ಮಾತನ್ನು ವಾಪಸ್ ಕೇಳುತ್ತಿದ್ದೇನೆ. ಈ ಕುದುರೆ ಯಾವತ್ತೂ ತಪ್ಪು ಮಾಡಿಲ್ಲ" ಎಂದರು. ಭೀಖಾಭಾಯಿ ಜರಿಯ ಹೊದಿಕೆಯನ್ನು ಮಡಚಿಕೊಳ್ಳುತ್ತ, ಬರಿಗೈಲಿ ಹೋದರೂ ಒಂದು ತಮಾಷೆ ನೋಡಿದೆ, ಸಾಕು ಎಂದು ನಕ್ಕರು. ಗೆಜ್ಜೆಯನ್ನು ತೇಜಲ್‌ಗೇ ಬಿಟ್ಟುಹೋದರು. ನಾನು ರಕ್ಷಾಳಿಗೆ ಫೋನು ಮಾಡಿದೆ. ಆ ಕಡೆಯಿಂದ ಅಳು ಮಾತ್ರ ಬಂತು. ಸ್ವಲ್ಪ ಹೊತ್ತಿನಲ್ಲಿ ಶೆಟ್ಟರ ಹೋಟೆಲಿನಿಂದ ಇಡೀ ಲಾಯಕ್ಕೆ ಸಾಕಾಗುವಷ್ಟು ಕೇಸರಿಬಾತು ಬಂತು.

ಸಂಜೆ ಹೊರಡುವಾಗ ಮೇಜರ್ ಸಾಹೇಬರು ನನ್ನನ್ನು ಕರೆದರು. "ನಾಳೆಯಿಂದ ಬೆಳಿಗ್ಗೆ ಮೊದಲ ತರಗತಿ ನನ್ನದು. ನೀನು ಕಲಿಸಬೇಕು. ನಾನು ತಡ ಮಾಡಿದರೆ ಬೇರೆಯವರಿಗೆ ಬೈಯುವ ಹಾಗೆಯೇ ಬೈಯಬೇಕು" ಎಂದರು. ನಾನು ತಲೆ ಬಾಗಿಸಿ, "ನಿಮಗೆ ಹೇಗೆ ಬೈಯಲಿ ಸಾಹೇಬ್" ಎಂದೆ.

ಮರುದಿನ ಅವರು ತಡವಾಗಿ ಬಂದರು. ಬೈದೆ.